ವಿದ್ಯುನ್ಮಂಡಲದ ಅಲೆಗಳನ್ನು ಮುಂದಾಗಿ ಅಂದಾಜಿಸುವ ಬಗೆ

ಮಂಗಳೂರಿನ ಹಳೆಯ ಬಂದರಿನಿಂದ ಮೀನುಗಾರರ ದೋಣಿಗಳೂ, ಪಣಂಬೂರಿನ ಹೊಸ ಬಂದರಿನಿಂದ ಸರಕಿನ ಹಡಗುಗಳೂ ಕಡಲಿಗಿಳಿಯುತ್ತವೆ. ಕಡಲಿನಲ್ಲಿ ಆಪತ್ತು ಒದಗಿದಾಗ ಕೂಗಿ ಕರೆಯಲು ಲೋಕದ ನಾವಿಕರಿಗೆಲ್ಲ ಮೀಸಲಾಗಿರುವ ರೇಡಿಯೋ ಆವೃತ್ತಿಗಳಲ್ಲಿ ಒಂದು 156.8 ಮೆಗಾಹರ್ಟ್ಸ್. ಹಡಗಿನ ಎಲ್‌ಇಡಿ ದೀಪಗಳು ಈ ರೇಡಿಯೋವನ್ನು ಕಿವುಡಾಗಿಸಬಲ್ಲವೆಂದು 2018ರಲ್ಲಿ ಅಮೆರಿಕದ ಕರಾವಳಿ ರಕ್ಷಣಾಪಡೆ ಎಚ್ಚರಿಸಿತು. ರಕ್ಷಣಾ ಕೇಂದ್ರವೊಂದು ಹಡಗೊಂದನ್ನು ರೇಡಿಯೋದಲ್ಲಿ ಸಂಪರ್ಕಿಸಲಾರದೆ ಹೋದ ಪ್ರಸಂಗವನ್ನೂ ಅದು ಉಲ್ಲೇಖಿಸಿತು. ಬೆಳಕಿಗಾಗಿ ಮಾಡಿದ ವಸ್ತು ಮಾತನ್ನು ನುಂಗುವುದೆಂತು? ಅದನ್ನು ತಯಾರಿಸುವ ಮುನ್ನವೇ ತಿಳಿಯಬಹುದೆ?

ಬದಲಾಗುವ ವಿದ್ಯುತ್ಪ್ರವಾಹವು ಅಲೆಗಳನ್ನು ಹೊರಸೂಸುವುದೆಂಬ ತತ್ತ್ವ ಹಳೆಯದು. 1865ರಲ್ಲಿ ಮ್ಯಾಕ್ಸ್‌ವೆಲ್ ಪ್ರಕಟಿಸಿದ ಸಿದ್ಧಾಂತವನ್ನು 1887-88ರಲ್ಲಿ ಹರ್ಟ್ಸ್ ಪ್ರಯೋಗದಿಂದ ಸ್ಥಾಪಿಸಿದನು. ರೇಡಿಯೋಗೆ ಒದಗುವ ಅಡಚಣೆಯನ್ನು ವಿಚಾರಿಸಲು ಅಂತರರಾಷ್ಟ್ರೀಯ ಸಮಿತಿಯೊಂದು 1934ರಲ್ಲಿಯೇ ಕೆಲಸಕ್ಕೆ ತೊಡಗಿತು. ಗಣಕಯಂತ್ರಗಳು ಮನೆಗಳನ್ನು ಪ್ರವೇಶಿಸತೊಡಗಿದಾಗ, 1979ರಲ್ಲಿ, ಅಮೆರಿಕದ ಸಂಪರ್ಕ ಆಯೋಗವು ಅವುಗಳಿಗೆ ಮಿತಿಯನ್ನು ವಿಧಿಸಿತು. 30ರಿಂದ 88 ಮೆಗಾಹರ್ಟ್ಸ್‌ವರೆಗೆ, 3 ಮೀಟರ್ ದೂರದಲ್ಲಿ, ಮೀಟರಿಗೆ 100 ಮೈಕ್ರೊವೋಲ್ಟ್ ಎಂಬುದು ಆ ಮಿತಿ.

ದೀಪದೊಳಗಿನ ಹಲಗೆಯು ಪ್ರವಾಹವನ್ನು ಸೆಕೆಂಡಿಗೆ ಲಕ್ಷ ಬಾರಿಯಂತೆ ತಡೆದು ಬಿಡುವುದೆಂದು ಭಾವಿಸೋಣ. ಅಂಥ ಒಂದೊಂದು ಜಿಗಿತವೂ 2 ನ್ಯಾನೊಸೆಕೆಂಡಿನಲ್ಲಿ ಮುಗಿದರೆ, ಅದರ ಅಂಶಗಳು ಸುಮಾರು 160 ಮೆಗಾಹರ್ಟ್ಸ್‌ವರೆಗೂ ಹಬ್ಬಿ, ಅಲ್ಲಿಂದಾಚೆ ಬೇಗನೆ ಕ್ಷೀಣಿಸುತ್ತವೆ. ನಾವಿಕರ ಆವೃತ್ತಿಯು ಈ ಎಲ್ಲೆಯೊಳಗೇ ಇದೆ.

ಇನ್ನು ಅಲೆಯ ಬಲ. ಹಲಗೆಯ ಮೇಲೆ ಪ್ರವಾಹವು ಹೋಗಿ ಹಿಂದಿರುಗುವ ಕುಣಿಕೆಯಿಂದ ಹೊಮ್ಮುವ ಅಲೆಯು ಪ್ರವಾಹಕ್ಕೂ, ಕುಣಿಕೆಯ ವಿಸ್ತೀರ್ಣಕ್ಕೂ, ಆವೃತ್ತಿಯ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 10 ಚದರ ಸೆಂಟಿಮೀಟರಿನ ಕುಣಿಕೆಯು 50 ಮೆಗಾಹರ್ಟ್ಸ್‌ನಲ್ಲಿ ಮೇಲಣ ಮಿತಿಯನ್ನು ಮುಟ್ಟಲು ಸುಮಾರು 4.5 ಮಿಲಿಆಂಪಿಯರ್ ಬೇಕು. ನಕ್ಷೆಯನ್ನು ನೋಡಿಯೇ ಇದನ್ನು ಲೆಕ್ಕಹಾಕಬಹುದು. ಆದರೆ ಅದೇ ಹಲಗೆಗೆ ಜೋಡಿಸಿದ 1 ಮೀಟರ್ ತಂತಿಯಲ್ಲಿ, ಹಿಂದಿರುಗುವ ಜೊತೆಗಾರನಿಲ್ಲದೆ ಹರಿಯುವ ಪ್ರವಾಹಕ್ಕೆ ಸುಮಾರು 5 ಮೈಕ್ರೊಆಂಪಿಯರ್ ಸಾಕು. ಮೊದಲಿನದರ ಸಾವಿರದಲ್ಲೊಂದು ಪಾಲು ಮಾತ್ರ!

ಅಂದಾಜಿನ ನಿಜವಾದ ತೊಡಕು ಇಲ್ಲಿದೆ. ಆ 5 ಮೈಕ್ರೊಆಂಪಿಯರನ್ನು ಯಾರೂ ನಕ್ಷೆಯಲ್ಲಿ ಬರೆದಿರುವುದಿಲ್ಲ. ಭೂತಲದ ತಗಡಿನಲ್ಲಿ ಬಿಟ್ಟ ಸೀಳು, ಹೊರಕವಚದ ಸಾಮೀಪ್ಯ, ತಂತಿಯನ್ನು ಜೋಡಿಸಿದ ಜಾಗ ಮುಂತಾದುವುಗಳಿಂದ ಅದು ಹುಟ್ಟುತ್ತದೆ. ಗಣಕಯಂತ್ರವು ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಎಷ್ಟೇ ನಿಖರವಾಗಿ ಬಿಡಿಸಿದರೂ, ನಾವು ತಿಳಿಸದೆ ಬಿಟ್ಟುದನ್ನು ತಾನಾಗಿ ಕಾಣಲಾರದು. ಶಾಸನವನ್ನು ಓದುವಾಗ ಬರೆದುದರೊಡನೆ ಬರೆಯದೆ ಉಳಿದುದನ್ನೂ ವಿಚಾರಿಸಬೇಕೆಂದು ಇತಿಹಾಸದ ತರಗತಿಯಲ್ಲಿ ನಾವು ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ ಅಂದಾಜನ್ನು ಅಂತಿಮ ತೀರ್ಪೆಂದು ತಿಳಿಯದೆ, ವಿನ್ಯಾಸಗಳನ್ನು ತಮ್ಮತಮ್ಮಲ್ಲಿ ಹೋಲಿಸುವ ತಕ್ಕಡಿಯೆಂದು ಬಳಸುವುದು ಯುಕ್ತ. ಹೋಗುವ ದಾರಿಯ ಕೆಳಗೇ ಹಿಂದಿರುಗುವ ದಾರಿಯನ್ನಿರಿಸಿ, ಜಿಗಿತವನ್ನು ಅಗತ್ಯಕ್ಕಿಂತ ಚುರುಕುಗೊಳಿಸದೆ, ಮೊದಲ ಮಾದರಿ ಸಿದ್ಧವಾದೊಡನೆ ತಂತಿಯ ಪ್ರವಾಹವನ್ನು ಅಳೆದು ನೋಡಿದಲ್ಲಿ, ಬರೆಯದೆ ಉಳಿದುದೂ ಬಹುಮಟ್ಟಿಗೆ ಬೆಳಕಿಗೆ ಬರುತ್ತದೆ. ಈ ಅಳತೆಯು ಕಾರ್ಯಶಾಲೆಯ ಮೇಜಿನ ಮೇಲೆ ಆಗದಿದ್ದರೆ, ಕಡಲಿನ ನಡುವೆ ಉತ್ತರ ಬಾರದ ಕರೆಯೊಂದರಿಂದ ಆದೀತು.