ನೀಟ್ ಸಿಗದವರ ಓದೇ ಆಸ್ಪತ್ರೆ ಆಡಳಿತ?

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ: "ಮಗಳು ಏನು ಓದ್ತಿದಾಳೆ?" "ಎಂಎಚ್‌ಎ, ಆಸ್ಪತ್ರೆ ಆಡಳಿತ" ಎಂದರೆ ಅರೆಗಳಿಗೆ ಮೌನ. ಆಮೇಲೆ, "ಓ, ನೀಟ್ ಆಗ್ಲಿಲ್ವಾ? ಹೋಗ್ಲಿ ಬಿಡಿ, ಎಸಿ ರೂಮಲ್ಲಿ ಕೂರೋ ಕೆಲ್ಸ." ಆಸ್ಪತ್ರೆಗಳಲ್ಲಿ ದುಡಿದು, ಈಗ ಇದೇ ಮಕ್ಕಳಿಗೆ ಪಾಠ ಹೇಳುವ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನೋವಾಗುತ್ತದೆ. ಇದನ್ನೇ ನಂಬಿಕೊಂಡು ಕೋರ್ಸಿಗೆ ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷವನ್ನೆಲ್ಲ ಕೀಳರಿಮೆಯಲ್ಲಿ ಕಳೆಯುವುದನ್ನು ನೋಡಿದ್ದೇನೆ.

ನೀಟ್ ವಿಚಾರ ಬೇಗ ಮುಗಿಸಿಬಿಡೋಣ. ದೆಹಲಿಯ ಏಮ್ಸ್‌ನಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿಗೆ ಸೇರಬೇಕಾದರೆ ಎಂಬಿಬಿಎಸ್ ಮುಗಿಸಿರಲೇಬೇಕು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಂಥ ಕಡೆ ಬಿಎ, ಬಿಕಾಂ ಓದಿದವರೂ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ವೈದ್ಯರೇ ಇನ್ನೊಮ್ಮೆ ಕೂತು ಓದುವ ವಿಷಯವನ್ನು ವೈದ್ಯರಾಗಲಾರದವರ ಪಾಲಿನ ಸಮಾಧಾನ ಎನ್ನುವುದು ಹೇಗೆ?

ನಿಜವಾಗಿ ಆಳಕ್ಕೆ ಬೇರೂರಿದ ತಪ್ಪು ಕಲ್ಪನೆ ಬೇರೆಯೇ ಇದೆ: ಚಿಕಿತ್ಸೆ ವೈದ್ಯರದು, ಆಡಳಿತವೆಂದರೆ ಬಿಲ್ಲು ಮತ್ತು ಫೈಲು. 2021ರ ಮೇ 2ರ ರಾತ್ರಿಯನ್ನು ನೆನೆಯಿರಿ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರಿದ್ದರು, ದಾದಿಯರಿದ್ದರು. ಸಾಕಷ್ಟು ಆಮ್ಲಜನಕ ಇರಲಿಲ್ಲ. ಒಂದು ದಿನದೊಳಗೆ 24 ಮಂದಿ ತೀರಿಕೊಂಡರೆಂದು ಆಗ ವರದಿಯಾಯಿತು. ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣವೆಂಬುದನ್ನು ಹೈಕೋರ್ಟ್ ನೇಮಿಸಿದ ಸಮಿತಿಯೂ ಎತ್ತಿ ಹೇಳಿತು. ದಿನಕ್ಕೆ ಎಷ್ಟು ಸಿಲಿಂಡರ್ ಖರ್ಚಾಗುತ್ತಿದೆ, ಉಳಿದದ್ದು ಎಷ್ಟು ಗಂಟೆಗೆ ಸಾಕು, ಖಾಲಿಯಾದದ್ದು ತುಂಬಿಕೊಂಡು ಬರಲು ಎಷ್ಟು ಹೊತ್ತು ಬೇಕು, ಮೊದಲ ದಾರಿ ಮುಚ್ಚಿದರೆ ಎರಡನೆಯದು ಯಾವುದು: ಇವೆಲ್ಲ ಆಡಳಿತದ ಪ್ರಶ್ನೆಗಳು. ಉಸಿರು ಅವುಗಳ ಮೇಲೆಯೇ ನಿಂತಿರುತ್ತದೆ.

ಇಷ್ಟು ದೊಡ್ಡ ದುರಂತವೇ ಆಗಬೇಕೆಂದಿಲ್ಲ. ಯಾವುದಾದರೂ ಆಸ್ಪತ್ರೆಯಲ್ಲಿ ಒಂದು ಡಿಸ್ಚಾರ್ಜನ್ನು ಬೆಳಗಿನಿಂದ ಹಿಂಬಾಲಿಸಿ ನೋಡಿ. ಒಂಬತ್ತೂವರೆಗೆ ರೌಂಡ್ಸ್‌ಗೆ ಬಂದ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಮನೆಯವರು ಬಟ್ಟೆ, ಫ್ಲಾಸ್ಕು, ಚಾಪೆ ಎಲ್ಲ ಕಟ್ಟಿಟ್ಟು ಕೂರುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದ ಕಿರಿಯ ವೈದ್ಯರು ಅಷ್ಟರಲ್ಲಿ ಆಪರೇಷನ್ ಥಿಯೇಟರಿನಲ್ಲಿರುತ್ತಾರೆ. ಬಳಸದೆ ಉಳಿದ ಇಂಜೆಕ್ಷನ್ನುಗಳನ್ನು ಸಿಸ್ಟರ್ ಫಾರ್ಮಸಿಗೆ ವಾಪಸ್ ಮಾಡಬೇಕು, ಫಾರ್ಮಸಿಯವರು ಅದನ್ನು ಲೆಕ್ಕದಿಂದ ಕಳೆಯಬೇಕು, ಲ್ಯಾಬಿನ ಬಾಕಿ ಸೇರಬೇಕು, ಬಿಲ್ ಆಗಬೇಕು, ವಿಮೆಯಿದ್ದರೆ ಆ ಕಡೆಯ ಒಪ್ಪಿಗೆ ಬರಬೇಕು. ವೀಲ್‌ಚೇರ್ ಬರುವಾಗ ಸಂಜೆ ಐದು. ಅಷ್ಟು ಹೊತ್ತೂ ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಅದೇ ಹಾಸಿಗೆಗಾಗಿ ಟ್ರಾಲಿಯ ಮೇಲೆ ಮಲಗಿರುತ್ತಾರೆ.

ಲೆಕ್ಕ ಹಾಕಿ. 200 ಹಾಸಿಗೆಯ, ಸದಾ ತುಂಬಿರುವ ಆಸ್ಪತ್ರೆ. ರೋಗಿ ಸರಾಸರಿ 4 ದಿನ ಇರುತ್ತಾರೆ ಎಂದರೆ ದಿನಕ್ಕೆ 50 ಡಿಸ್ಚಾರ್ಜ್. ಪ್ರತಿಯೊಂದರಲ್ಲೂ 4 ಗಂಟೆ ಉಳಿಸಿದರೆ 200 ಗಂಟೆ. ಅಂದರೆ ಒಂದು ಇಟ್ಟಿಗೆಯನ್ನೂ ಇಡದೆ ಪ್ರತಿದಿನ 8 ಹಾಸಿಗೆ ಹೆಚ್ಚಿಗೆ ಸಿಕ್ಕಿದಂತೆ. "ತಡವೆಲ್ಲ ಇನ್ಶೂರೆನ್ಸ್‌ನವರಿಂದ" ಎಂಬುದೂ ಪೂರ್ತಿ ನಿಜವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೊನೆಯ ಒಪ್ಪಿಗೆಯನ್ನು ವಿಮಾ ಕಂಪನಿ 3 ಗಂಟೆಯೊಳಗೆ ಕೊಡಬೇಕು. ಆದರೆ ಆ ಗಡಿಯಾರ ಓಡತೊಡಗುವುದು ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದ ಮೇಲೆ. ನಮ್ಮ ಕಾಗದ ಮಧ್ಯಾಹ್ನ ಎರಡಕ್ಕೆ ಹೊರಟರೆ ಅದು ನಮ್ಮ ತಪ್ಪು.

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ಕರುಣಾಮಯಿ ಎಂದಷ್ಟೇ ಶಾಲೆಯಲ್ಲಿ ಓದಿದ್ದೇವೆ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು ಎಂದು ಅಂಕಿಅಂಶದ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದವರೂ ಅವರೇ. ಚರಂಡಿ, ಗಾಳಿ, ಹಾಸಿಗೆಗಳ ನಡುವಿನ ಅಂತರ, ದಾಖಲೆಗಳ ಬಗ್ಗೆ 1859ರಲ್ಲಿ ಅವರು ಪುಸ್ತಕವನ್ನೇ ಬರೆದರು. ಈ ಓದಿನ ಹಿರಿಯಜ್ಜಿ ಅವರು.

ಇನ್ನು ಎಸಿ ರೂಮು, ಟೈ, ಇಂಗ್ಲಿಷ್. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಬೇಕಾದವರ ಮಂಚಕ್ಕೆ 'ಎನ್‌ಪಿಒ' ಎಂಬ ಇಂಗ್ಲಿಷ್ ಚೀಟಿ ತೂಗುಹಾಕುತ್ತಿದ್ದರು. ಬಾಯಿಗೆ ಏನೂ ಕೊಡಬಾರದು ಎಂದು ಅದರರ್ಥ. ಒಂದು ಬೆಳಿಗ್ಗೆ ರಾಯಚೂರು ಕಡೆಯ ತಾಯಿಯೊಬ್ಬರು, ಹಸಿದಿದ್ದಾನೆಂದು ಮಗನಿಗೆ ಎರಡು ಇಡ್ಲಿ ತಿನ್ನಿಸಿದರು. ಆಪರೇಷನ್ ಮುಂದಕ್ಕೆ ಹೋಯಿತು. ಎಲ್ಲರೂ ಆಕೆಯನ್ನೇ ಬೈದರು. "ಯಾರೂ ಹೇಳಲಿಲ್ರಿ ನಂಗ" ಎಂದು ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ತಪ್ಪು ಆಕೆಯದಲ್ಲ, ಚೀಟಿಯದು. 'ಏನೂ ತಿನ್ನಿಸಬೇಡಿ, ನೀರೂ ಬೇಡ' ಎಂದು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಸಿಸ್ಟರ್ ಬಾಯಲ್ಲೂ ಹೇಳುವ ಪದ್ಧತಿ ಬಂದದ್ದು ಆಮೇಲೆ. ಅದನ್ನು ಜಾರಿಗೆ ತಂದವರು ಆಡಳಿತ ವಿಭಾಗದ ಇಬ್ಬರು ಇಂಟರ್ನ್‌ಗಳು. ಕನ್ನಡದಲ್ಲಿ ಮಾತಾಡಿಸಲು ಬಾರದವರು ನಮ್ಮ ರಾಜ್ಯದಲ್ಲಿ ಒಳ್ಳೆಯ ಆಸ್ಪತ್ರೆ ಆಡಳಿತಗಾರರಾಗಲಾರರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಲಸ ಇರುವುದು ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಮಾತ್ರ ಎಂಬುದೂ ಸರಿಯಲ್ಲ. ವಿಮಾ ಸಂಸ್ಥೆಗಳು, ಗುಣಮಟ್ಟ ಮಾನ್ಯತೆಯ ಕೆಲಸ, ರಾಷ್ಟ್ರೀಯ ಆರೋಗ್ಯ ಅಭಿಯಾನ, ಹೀಗೆ ದಾರಿಗಳು ಹಲವು. ಆದರೆ ಮುಚ್ಚಿಡುವುದಿಲ್ಲ: ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕರ ಹುದ್ದೆಗಳು ವೈದ್ಯರಿಗೇ. ಅಭಿಯಾನದ ಕೆಲಸಗಳು ಹೆಚ್ಚಾಗಿ ಗುತ್ತಿಗೆಯವು. ಇದನ್ನು ತಿಳಿದೇ ಸೇರಿ.

ಈಗ ಓದುತ್ತಿರುವವರಿಗೆ ಒಂದು ಮಾತು. ಇಂಟರ್ನ್‌ಷಿಪ್ಪಿನ ಮೊದಲ ದಿನ ಮೀಟಿಂಗ್ ಹಾಲ್ ಹುಡುಕಬೇಡಿ. ಒಂದು ನೋಟ್‌ಬುಕ್, ಒಂದು ಗಡಿಯಾರ ಹಿಡಿದು ಬೆಳಿಗ್ಗೆ ಎಂಟಕ್ಕೆ ಹೊರರೋಗಿ ವಿಭಾಗದ ಸಾಲಿನಲ್ಲಿ ಎಲ್ಲರ ಹಿಂದೆ ನಿಂತುಕೊಳ್ಳಿ. ಚೀಟಿ ಸಿಕ್ಕಿದ್ದು ಎಷ್ಟಕ್ಕೆ, ಡಾಕ್ಟರನ್ನು ಕಂಡದ್ದು ಎಷ್ಟಕ್ಕೆ, ಮಾತ್ರೆ ಕೈಗೆ ಬಂದದ್ದು ಎಷ್ಟಕ್ಕೆ ಎಂದು ಬರೆದುಕೊಳ್ಳಿ. ಮುಂದೆ ನಿಂತಿರುವ ಅಜ್ಜಿಗೆ ಕೂರಲು ಬೆಂಚು ಇದೆಯೇ ಎಂಬುದನ್ನೂ ಬರೆದುಕೊಳ್ಳಿ.