ಭೂಕಂಪನದ ಮೂಲವನ್ನು ಗುರುತಿಸುವ ಬಗೆ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಭೂಮಿ ಕಂಪಿಸಿದೊಡನೆ ಗ್ರಾಮಸ್ಥರಲ್ಲಿ ಮೂಡುವ ಮೊದಲ ಪ್ರಶ್ನೆ, ಇದು ಎಲ್ಲಿಂದ ಬಂತು ಎಂಬುದು. ಉತ್ತರ ದೊರೆಯದಿದ್ದಲ್ಲಿ ವದಂತಿಗಳು ಹರಡುತ್ತವೆ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಭಾಗದಲ್ಲಿ ಲಘು ಕಂಪನಗಳು ಮೇಲಿಂದ ಮೇಲೆ ಸಂಭವಿಸಿದಾಗ ಅನೇಕ ಕುಟುಂಬಗಳು ಮನೆ ತೊರೆದಿದ್ದವು. ಆದುದರಿಂದ ಮೂಲವನ್ನು ಗುರುತಿಸುವ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯ.

ಸ್ಥಳ ಮತ್ತು ಆಳ

ಕಂಪನದ ಮೂಲದಿಂದ ಎರಡು ಬಗೆಯ ತರಂಗಗಳು ಹೊರಡುತ್ತವೆ. ಪ್ರಾಥಮಿಕ ತರಂಗವು ಸೆಕೆಂಡಿಗೆ ಸುಮಾರು 6 ಕಿ.ಮೀ., ದ್ವಿತೀಯಕ ತರಂಗವು ಸುಮಾರು 3.5 ಕಿ.ಮೀ. ವೇಗದಲ್ಲಿ ಚಲಿಸುತ್ತವೆ. ಇವೆರಡೂ ಭೂಕಂಪಮಾಪಕವನ್ನು ತಲುಪುವ ಸಮಯದ ಅಂತರವು 1 ಸೆಕೆಂಡ್ ಆದಲ್ಲಿ ಮೂಲವು ಸುಮಾರು 8 ಕಿ.ಮೀ., 10 ಸೆಕೆಂಡ್ ಆದಲ್ಲಿ ಸುಮಾರು 80 ಕಿ.ಮೀ. ದೂರದಲ್ಲಿರುತ್ತದೆ. ಒಂದು ಕೇಂದ್ರದ ಈ ಲೆಕ್ಕದಿಂದ ದೂರ ಮಾತ್ರ ತಿಳಿಯುತ್ತದೆ. ಕನಿಷ್ಠ ಮೂರು ಕೇಂದ್ರಗಳಿಂದ ಎಳೆದ ವೃತ್ತಗಳು ಸಂಧಿಸುವೆಡೆಯೇ ಕಂಪನದ ಸ್ಥಳ. ಆಳವನ್ನು ನಿಖರವಾಗಿ ಅಳೆಯಲು ಮಾಪಕವು ಸಮೀಪದಲ್ಲಿಯೇ ಇರಬೇಕು. ಲಘು ಕಂಪನಗಳು ಮರುಕಳಿಸಿದ ಗ್ರಾಮಗಳಲ್ಲಿ ತಾತ್ಕಾಲಿಕ ಮಾಪಕಗಳನ್ನು ಸ್ಥಾಪಿಸಲು ಇದೇ ಕಾರಣ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದ ಮೂಲವು ಕಡಿಮೆ ಆಳದಲ್ಲಿದ್ದುದು ಮತ್ತು ಮಣ್ಣು-ಕಲ್ಲಿನ ಮನೆಗಳು ಕುಸಿದುದು ಸಾವಿರಾರು ಜನರ ಸಾವಿಗೆ ಕಾರಣವಾಯಿತು.

ಸ್ಫೋಟವೇ, ಭೂಕಂಪನವೇ?

ಸ್ಫೋಟವು ಸುತ್ತಲಿನ ನೆಲವನ್ನು ಎಲ್ಲ ದಿಕ್ಕುಗಳಲ್ಲಿಯೂ ಹೊರಕ್ಕೆ ತಳ್ಳುತ್ತದೆ. ಭೂಕಂಪನದಲ್ಲಿ ಶಿಲೆಗಳು ಬಿರುಕಿನಗುಂಟ ಜಾರುವುದರಿಂದ ಕೆಲವು ಕೇಂದ್ರಗಳಲ್ಲಿ ಮೊದಲ ಚಲನೆ ತಳ್ಳಿದಂತೆಯೂ, ಕೆಲವೆಡೆ ಸೆಳೆದಂತೆಯೂ ದಾಖಲಾಗುತ್ತದೆ. ಸ್ಫೋಟದಲ್ಲಿ ದ್ವಿತೀಯಕ ತರಂಗವು ಸಾಮಾನ್ಯವಾಗಿ ದುರ್ಬಲ. ಭೂಗತ ಅಣುಸ್ಫೋಟಗಳನ್ನು ಭೂಕಂಪಗಳಿಂದ ಪ್ರತ್ಯೇಕಿಸುವ ಇಂತಹ ಅಧ್ಯಯನವು ನಮ್ಮ ರಾಜ್ಯದ ಗೌರಿಬಿದನೂರಿನ ಮಾಪಕ ಜಾಲದಲ್ಲಿ 1960ರ ದಶಕದಿಂದಲೂ ನಡೆದಿದೆ. ಕಡಿಮೆ ಆಳದ ಲಘು ಕಂಪನವೂ ಸಿಡಿಲಿನಂತಹ ಸದ್ದು ಮಾಡಬಲ್ಲುದು. ಆದಕಾರಣ ಸದ್ದು ಕೇಳಿದ ಮಾತ್ರಕ್ಕೆ ಕಲ್ಲುಗಣಿಯೇ ಕಾರಣವೆಂದು ನಿರ್ಣಯಿಸುವುದು ಸಲ್ಲದು. ಗಣಿಯಲ್ಲವೆಂದು ಪರಿಶೀಲಿಸದೆ ತಳ್ಳಿಹಾಕುವುದೂ ಸಲ್ಲದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮ

1. ಕಂಪನದ ದಿನಾಂಕ ಹಾಗೂ ಗಂಟೆ-ನಿಮಿಷವನ್ನು ಮೊಬೈಲ್ ನೋಡಿ ಬರೆದಿಡುವುದು.
2. ಕಂಪನ ಅನುಭವಕ್ಕೆ ಬಂದ ಹಾಗೂ ಬಾರದ ಗ್ರಾಮಗಳೆರಡನ್ನೂ ದಾಖಲಿಸುವುದು.
3. ಸಮೀಪದ ಗಣಿಗಳಲ್ಲಿ ಅಂದು ಸ್ಫೋಟ ನಡೆದ ವೇಳೆಯನ್ನು ಪಡೆಯುವುದು.
4. ಬಿರುಕು ಬಿಟ್ಟ ಮನೆ, ಶಾಲೆ, ಅಂಗನವಾಡಿಗಳ ಛಾಯಾಚಿತ್ರದೊಂದಿಗೆ ತಹಶೀಲ್ದಾರರಿಗೆ ವರದಿ ಸಲ್ಲಿಸುವುದು.

ಮುಂದಿನ ಕಂಪನದ ದಿನ ಮತ್ತು ವೇಳೆಯನ್ನು ಮುಂಚಿತವಾಗಿ ಹೇಳುವ ವಿಧಾನ ವಿಜ್ಞಾನದಲ್ಲಿಲ್ಲ. ಅಂತಹ ಸಂದೇಶಗಳು ಹರಿದಾಡಿದಲ್ಲಿ ಗ್ರಾಮಸ್ಥರಿಗೆ ಈ ವಿಷಯವನ್ನು ಮನವರಿಕೆ ಮಾಡಿಕೊಡತಕ್ಕದ್ದು.