ಹಾಸಿನ ಅಳತೆಗೆ ಹುಟ್ಟಿದ ಓಣಿಗಳು

ಜಮಖಂಡಿಯಲ್ಲಿ ಪಟವರ್ಧನರ ಅರಮನೆಯಿದೆ. ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದ ಊರು. ಹಿಪ್ಪರಗಿಯೆಂದರೆ ಕೃಷ್ಣೆಗೆ ಕಟ್ಟಿದ ಬ್ಯಾರೇಜು. ಪಕ್ಕದ ರಬಕವಿ–ಬನಹಟ್ಟಿಗೆ ಬಂದ ನೆಂಟರನ್ನು ಶಂಕರಲಿಂಗನ ಗುಡಿಗೆ, ಕಾಡಸಿದ್ಧೇಶ್ವರನ ಗುಡಿಗೆ ಕರೆದೊಯ್ದ ಮೇಲೆ ಉಳಿಯುವುದು ನೇಕಾರರ ಓಣಿಗಳು. ಈ ಜೋಡಿ ಊರಿನ ಚರಿತ್ರೆ ಹೆಚ್ಚಾಗಿ ಇರುವುದೂ ಅಲ್ಲಿಯೇ.

ನೇಕಾರರ ಊರುಗಳಲ್ಲಿ ಬೀದಿಯೂ ಮಗ್ಗದ ಒಂದು ಭಾಗ. ಗಿರಣಿಯಲ್ಲಿ ಗಂಜಿ ಹಾಕಿದ ನೂಲು ಸಿಗುವ ಮೊದಲು, ಮಗ್ಗಕ್ಕೆ ಏರಿಸಬೇಕಾದ ಹಾಸನ್ನು ಬೀದಿಯಲ್ಲೇ ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚಬೇಕಿತ್ತು. ಒಂಬತ್ತು ಗಜದ ನಾಲ್ಕು ಸೀರೆಗೆ ಒಂದು ಹಾಸು ಎಂದರೂ 36 ಗಜ ಉದ್ದ. ಅಷ್ಟು ಉದ್ದಕ್ಕೂ ಬೀದಿ ನೇರವಾಗಿರಬೇಕು, ಎರಡೂ ಕಡೆ ನಿಂತು ಕೆಲಸ ಮಾಡುವಷ್ಟು ಅಗಲವೂ ಇರಬೇಕು. ಬಿಸಿಲು ಏರಿದರೆ ಗಂಜಿ ಬೇಗ ಒಣಗುತ್ತದೆ, ಗಾಳಿ ಎದ್ದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಹಾಗಾಗಿ ಬೆಳಗಿನ ಹೊತ್ತು ಓಣಿಯೆಲ್ಲ ಹಾಸಿನದು. ಗಂಡಸರು ಕುಂಚ ಎಳೆಯುತ್ತ ಹೋದರೆ ಹಿಂದಿನಿಂದ ಬಂದವರು ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದರು.

ಮನೆಯನ್ನೂ ಕಸುಬೇ ರೂಪಿಸಿತು. ಮಣ್ಣಿನ ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಪಡಸಾಲೆಯ ನೆಲದಲ್ಲಿ ಕುಣಿಮಗ್ಗ. ನೇಕಾರ ನೆಲಮಟ್ಟದಲ್ಲಿ ಕೂತು ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾನೆ. ಹತ್ತಿಯ ನೂಲಿಗೆ ತೇವ ಬೇಕು, ಒಣಹವೆಯಲ್ಲಿ ಅದು ಪಟಪಟನೆ ಹರಿಯುತ್ತದೆ. ಹಾಸು ನೆಲಕ್ಕೆ ಹತ್ತಿರವಿದ್ದಷ್ಟೂ ಆ ತೇವ ಸಿಗುತ್ತದೆ. ಮಣ್ಣಿನ ಗೋಡೆ ಬಯಲುಸೀಮೆಯ ಬೇಸಿಗೆಯಲ್ಲೂ ಪಡಸಾಲೆಯನ್ನು ತಂಪಾಗಿಡುತ್ತದೆ.

ಪವರ್‌ಲೂಮ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಅದರ ಅದುರುವಿಕೆಗೆ ಗಟ್ಟಿ ನೆಲ ಬೇಕು, ಕುಣಿ ಬೇಡ. ಹಾಸು ಉರುಳೆಗೆ ಸುತ್ತಿಕೊಂಡು ಬರುವುದರಿಂದ ಬೀದಿಯೂ ಬೇಡ. ಪಡಸಾಲೆಗೆ ಕಾಂಕ್ರೀಟು ಬಿತ್ತು, ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಎದ್ದಿತು. ಪ್ರತಿ ಮಳೆಗಾಲಕ್ಕೆ ಮಾಳಿಗೆಯ ಮಣ್ಣು ಸರಿಪಡಿಸಿ ಸಾಕಾದವರು ಸ್ಲ್ಯಾಬು ಹಾಕಿಸಿದರೆ ಅವರನ್ನು ದೂರುವಂತಿಲ್ಲ. ಕೈಮಗ್ಗ ಇನ್ನೂ ಪೂರ್ತಿ ನಿಂತಿಲ್ಲ. 1975ರಲ್ಲಿ ಶುರುವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ಇಲ್ಲಿ ಸರ್ಕಾರಿ ಶಾಲೆಯ ಮಕ್ಕಳ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆ ನೇಯ್ದಿದ್ದಾರೆ.

ಇಂಥ ಓಣಿಯನ್ನು ಕಾಯಲು ಕಾನೂನಿದೆಯೇ? ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯಕ್ಕೂ 1961ರ ಸ್ಮಾರಕ ಕಾಯ್ದೆಯಿದೆ. ಆದರೆ ಮಗ್ಗದ ಮನೆಗಳ ಸಾಲನ್ನು ಸ್ಮಾರಕವೆಂದು ಘೋಷಿಸಿ ಬೇಲಿ ಹಾಕಿದರೆ, ಅಲ್ಲಿರುವವರು ಒಂದು ಕಿಟಕಿ ಇಡಲೂ ಕಚೇರಿಗೆ ಅಲೆಯಬೇಕಾದೀತು.

2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಹಮದಾಬಾದ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಹಳೆಯ ಓಣಿಗಳಾದ ಪೋಳ್‌ಗಳಲ್ಲಿ ಪಾರಂಪರಿಕ ಮನೆ ಉಳಿಸಿಕೊಂಡ ಮಾಲೀಕರಿಗೆ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಸಿಗುತ್ತದೆ. ಮೇಲೆ ಕಟ್ಟದೆ ಬಿಟ್ಟ ಹಕ್ಕನ್ನು ಅವರು ನಗರದ ಬೇರೆಡೆ ಕಟ್ಟುವವರಿಗೆ ಮಾರಬಹುದು, ಆ ಹಣದಿಂದ ಮನೆ ದುರಸ್ತಿ ಮಾಡಿಸಬಹುದು. ಜಾಗಕ್ಕೆ ಚಿನ್ನದ ಬೆಲೆಯಿರುವ ಮಹಾನಗರದಲ್ಲಿ ಇದು ನಡೆಯುತ್ತದೆ. ಬನಹಟ್ಟಿಯಂಥ ಊರಿನಲ್ಲಿ ಆ ಹಕ್ಕನ್ನು ಕೊಳ್ಳುವವರು ಸಿಗುವುದು ಕಷ್ಟ. ಬರೀ ಹೆಸರೂ ಕಟ್ಟಡವನ್ನು ಕಾಯುವುದಿಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದವು. ಪಾರಂಪರಿಕ ನಗರಿಯೆಂಬ ಹೆಸರಿದ್ದೂ ಅಲ್ಲಿ ದುರಸ್ತಿ ಹಿಂದೆ ಬಿದ್ದಿತ್ತು.

ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ಕಥೆ ಇನ್ನೂ ಹತ್ತಿರದ್ದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ದೊಡ್ಡ ಭಾಗವನ್ನು ನುಂಗಿತು. ಎತ್ತರದ ಜಾಗದಲ್ಲಿ ಸೆಕ್ಟರುಗಳ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ನಿವೇಶನ, ಶಾಲೆ, ಅಗಲ ರಸ್ತೆ ಎಲ್ಲ ಬಂದವು. ಕಟ್ಟೆಗೆ ಕಟ್ಟೆ ತಾಗಿದ ಪೇಟೆಯ ಓಣಿಯನ್ನು ಮಾತ್ರ ಸಾಗಿಸಲಾಗಲಿಲ್ಲ.

ರಬಕವಿ–ಬನಹಟ್ಟಿಯ ಓಣಿಗಳಿಗೆ ಹಿನ್ನೀರಿಗಿಂತ ದಿನನಿತ್ಯದ ಕಾಮಗಾರಿಯ ಪೆಟ್ಟು ದೊಡ್ಡದು. ಹಳೆಯ ಪದರವನ್ನು ಕೀಳದೆ ಅದರ ಮೇಲೇ ಹೊಸ ಕಾಂಕ್ರೀಟು ಸುರಿದರೆ ರಸ್ತೆ ಏರುತ್ತದೆ, ಹೊಸ್ತಿಲು ತಗ್ಗಿಗೆ ಬೀಳುತ್ತದೆ. ಮಳೆನೀರು ಕಟ್ಟೆ ದಾಟಿ ಪಡಸಾಲೆಗೆ ನುಗ್ಗಿದರೆ ಮೊದಲು ತುಂಬುವುದು ಮಗ್ಗದ ಕುಣಿ. ಒಮ್ಮೆ ಕುಣಿ ಮುಚ್ಚಿಸಿದ ಮನೆಯವರು ಮತ್ತೆ ತೋಡಿಸುವುದು ಅಪರೂಪ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಹಳೆಯ ಪದರ ಅಗೆದು, ಹೊಸ್ತಿಲಿಗಿಂತ ತಗ್ಗಿನಲ್ಲಿ ರಸ್ತೆ, ಅದಕ್ಕಿಂತ ತಗ್ಗಿನಲ್ಲಿ ಚರಂಡಿ ಮಾಡಬೇಕು, ಕಟ್ಟೆಗಳನ್ನು ಒಡೆಯಬಾರದು ಎಂಬ ಷರತ್ತನ್ನು ನಗರಸಭೆ ತನ್ನ ಟೆಂಡರಿನಲ್ಲೇ ಬರೆಸಬಹುದು.